ಇದರಲ್ಲಿ ಏನಿದೆ?

ವಿಸ್ಕಿಯ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅದು ಮನೆಯೊಳಗೆ ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಬಾಟಲಿಗೆ ಒಂದು ಆಕಾರವಿದೆ, ಗ್ಲಾಸಿನಲ್ಲಿ ಒಂದು ಬಣ್ಣವಿದೆ, ಮೂಗಿಗೆ ಬಡಿಯುವ ವಾಸನೆಯಿದೆ, ಪಕ್ಕದಲ್ಲಿ ಖಾರದ ಶೇಂಗಾ ಇದೆ. ಬೇಡದವರು ಆ ಮೂಲೆಗೆ ಹೋಗುವುದಿಲ್ಲ. ಬೇಕಾದವರು ತಾವಾಗಿಯೇ ಎದ್ದು ಹೋಗುತ್ತಾರೆ. ನಾನು ಬರೆಯಹೊರಟಿರುವುದು ಇನ್ನೊಂದು ಬಗೆಯ ಗ್ಲಾಸಿನ ಬಗ್ಗೆ. ಮುಂಬಯಿ, ಪುಣೆ, ದೆಹಲಿಯ ನಮ್ಮವರ ಮನೆಗಳಲ್ಲಿ ದೀಪಾವಳಿಯಿಂದ ಹಿಡಿದು ಡಿಸೆಂಬರ್ 31ರ ತನಕ, ಊಟ ಮುಗಿದ ಮೇಲೆ ಟ್ರೇಯಲ್ಲಿ ಸಾಲಾಗಿ ಬರುತ್ತದಲ್ಲ, ಮೇಲೆ ಕೆನೆ, ಕೆನೆಯ ಮೇಲೆ ತುರಿದ ಚಾಕಲೇಟು, ನೋಡಿದರೆ ಕೋಲ್ಡ್ ಕಾಫಿಯೋ ಬಾದಾಮಿ ಹಾಲೋ ಅನ್ನಿಸುವಂಥದ್ದು. ಡೆಸರ್ಟ್ ಕಾಕ್‌ಟೇಲ್ ಎಂದು ಇದರ ಹೆಸರು. ಸಿಹಿತಿಂಡಿಯ ಜಾಗದಲ್ಲಿ ಕುಳಿತ ಮದ್ಯ ಎಂದರೆ ಸರಿಯಾದೀತು.

ಊರಿನ ಓದುಗರು ಇಷ್ಟಕ್ಕೇ "ನೋಡಿ, ಹೊರಗೆ ಹೋದವರು ಕೆಟ್ಟುಹೋದರು" ಎನ್ನುವ ಮೊದಲು ಒಂದು ಮಾತು. ಕುಡಿತವನ್ನು ನಾವು ಮುಂಬಯಿಗೆ ಬಂದು ಕಲಿಯಲಿಲ್ಲ. ಕರಾವಳಿಯ ಭೂತಕ್ಕೆ ಕಳ್ಳು ಇಡುವುದು, ಕೊಡಗಿನ ಮನೆಗಳಲ್ಲಿ ತಾವೇ ವೈನ್ ಮಾಡಿ ಬಂದವರಿಗೆ ಕೊಡುವುದು, ಹಳೇ ಮೈಸೂರಿನ ಹೆಂಡದಂಗಡಿ, ಇವೆಲ್ಲ ನಮ್ಮವೇ. ತಾವು ಕುಡಿಯದ ಜಿ.ಪಿ. ರಾಜರತ್ನಂ ಕುಡುಕನೊಬ್ಬನ ಬಾಯಲ್ಲಿ ಹಾಡಿಸಿದ್ದನ್ನು ಕುಡಿಯದ ಮೇಷ್ಟ್ರುಗಳೇ ಕ್ಲಾಸಿನಲ್ಲಿ ತಲೆದೂಗುತ್ತಾ ಹೇಳಿಕೊಟ್ಟರು. ಹಾಗಾಗಿ ಕುಡಿಯುವುದು ಸರಿಯೋ ತಪ್ಪೋ ಎಂಬ ಹಳೇ ವ್ಯಾಜ್ಯವನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಹಬ್ಬದ ದಿನ ಮನೆಗೆ ಬಂದವರ ಕೈಗೆ ಒಂದು ಲೋಟ ಕೊಡುವಾಗ ಅದರಲ್ಲಿ ಏನಿದೆ ಎಂದು ಹೇಳುವುದು ನಮ್ಮ ಕರ್ತವ್ಯವೆ? ಹೇಳದೇ ಇದ್ದರೆ ಅವರಿಗೆ ಏನಾದರೂ ಅನ್ಯಾಯವಾಗುತ್ತದೆಯೆ? ಕುಡಿದವರಿಗೆ ಕೊನೆಯ ತನಕ ಗೊತ್ತೇ ಆಗದಿದ್ದರೂ?

ಪರ ಊರಿನಲ್ಲಿ ಈ ಪ್ರಶ್ನೆ ಹೆಚ್ಚು ಏಳುವುದಕ್ಕೆ ಕಾರಣವಿದೆ. ಊರಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತದೆ, ಯಾರು ಏನು ಮುಟ್ಟುವುದಿಲ್ಲ ಎಂದು ಮೂರು ತಲೆಮಾರಿನಿಂದ ಗೊತ್ತಿರುತ್ತದೆ. ಕೇಳುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಒಂದೇ ಮಹಡಿಯಲ್ಲಿ ಆರು ರಾಜ್ಯದವರು. ಪಂಚಾಂಗವೇ ಬೇರೆ ಅರ್ಥ ಹೇಳುತ್ತದೆ. ಆಷಾಢದ ಅಮಾವಾಸ್ಯೆ ನಮಗೆ ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಪಾದಪೂಜೆ ಮಾಡಿ ಕೈಗೆ ದಾರ ಕಟ್ಟಿಕೊಳ್ಳುವ ದಿನ. ಅದೇ ಅಮಾವಾಸ್ಯೆ ಮಹಾರಾಷ್ಟ್ರದಲ್ಲಿ ದೀಪಗಳನ್ನು ತೊಳೆದು ಪೂಜಿಸುವ ದಿನವೂ ಹೌದು, ಜನರ ಬಾಯಲ್ಲಿ 'ಗಟಾರಿ'ಯೂ ಹೌದು. ನಾಳೆಯಿಂದ ಶ್ರಾವಣ, ಒಂದು ತಿಂಗಳು ಮಾಂಸ ಮದ್ಯ ಎರಡೂ ಇಲ್ಲ, ಆದ್ದರಿಂದ ಇವತ್ತೇ ಮುಗಿಸಿಬಿಡೋಣ ಎಂದು ಕೂರುವ ರಾತ್ರಿ ಅದು. ಡೊಂಬಿವಲಿಯ ಒಂದೇ ಗೋಡೆಯ ಈಚೆಗೆ ಜ್ಯೋತಿರ್ಭೀಮೇಶ್ವರ ವ್ರತ, ಆಚೆಗೆ ಕೋಳಿ ಸಾರು ಮತ್ತು ಬಾಟಲಿ. ಇಬ್ಬರದೂ ಹಬ್ಬವೇ. ಇಬ್ಬರೂ ಒಬ್ಬರ ಮನೆಗೆ ಒಬ್ಬರು ತಟ್ಟೆ ಕಳಿಸುವವರೇ. ಇಂಥ ಕಡೆ ಕೇಳದೆ, ಹೇಳದೆ ನಡೆಯುವುದಿಲ್ಲ.

ಈಗ ಈ ಗ್ಲಾಸನ್ನು ಮಾಡುವ ಬಗೆ ಸ್ವಲ್ಪ ನೋಡಿ. ಸಂಗತಿ ಇರುವುದೇ ಅದರಲ್ಲಿ. ಪ್ರಸಿದ್ಧವಾದ ನಾಲ್ಕಾರು ಬಗೆಗಳಿವೆ. ಬ್ರಾಂದಿ, ಕೋಕೋ ಲಿಕ್ಯೂರ್, ಕೆನೆ ಸಮಸಮ ಬೆರೆಸಿ ಮೇಲೆ ಜಾಯಿಕಾಯಿ ತುರಿದರೆ ಬ್ರಾಂಡಿ ಅಲೆಕ್ಸಾಂಡರ್. ಪುದೀನಾ ಲಿಕ್ಯೂರು ಹಾಕಿ ಹಸಿರು ಮಾಡಿದರೆ ಗ್ರಾಸ್‌ಹಾಪರ್, ಅಂದರೆ ಮಿಡತೆ. ವೋಡ್ಕಾ, ಕಾಫಿ ಲಿಕ್ಯೂರ್, ಕೆನೆ ಸೇರಿದರೆ ವೈಟ್ ರಷ್ಯನ್. ಐರಿಶ್ ಕಾಫಿಯಂತೂ 1940ರ ದಶಕದಲ್ಲಿ ಐರ್ಲೆಂಡಿನ ಫೋಯ್ನ್ಸ್ ಎಂಬಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಬಂದು ಚಳಿಗೆ ನಡುಗುತ್ತಿದ್ದ ಪ್ರಯಾಣಿಕರಿಗಾಗಿ ಹುಟ್ಟಿದ್ದು. ಅದನ್ನು ನಾವು ಮುಂಬಯಿಯ ಡಿಸೆಂಬರಿನಲ್ಲಿ ಫ್ಯಾನು ಹಾಕಿಕೊಂಡು ಕುಡಿಯುತ್ತೇವೆ, ಇರಲಿ. ನಮ್ಮವರು ಇದಕ್ಕೆಲ್ಲ ಏಲಕ್ಕಿ, ಕೇಸರಿ, ಫಿಲ್ಟರ್ ಕಾಫಿ ಡಿಕಾಕ್ಷನ್ನು ಸೇರಿಸಿ ಒಂದು ಸ್ವದೇಶಿ ರೂಪ ಕೊಟ್ಟಿದ್ದಾರೆ. ಗಟ್ಟಿ ಡಿಕಾಕ್ಷನ್, ಬೆಲ್ಲದ ಪಾಕ, ರಮ್ಮು, ತಣ್ಣನೆ ಕೆನೆ ಸೇರಿದರೆ ರುಚಿಯಾಗಿರುತ್ತದೆ ಎಂದು ಕುಡಿದವರು ಹೇಳುತ್ತಾರೆ. ನಂಬುತ್ತೇನೆ.

ಇವೆಲ್ಲದರಲ್ಲೂ ನಡೆಯುವ ಕೆಲಸ ಒಂದೇ. ಮದ್ಯದ ಕಹಿಯನ್ನು ಸಕ್ಕರೆ ಮುಚ್ಚುತ್ತದೆ, ಗಂಟಲಿನ ಉರಿಯನ್ನು ಕೆನೆಯ ಜಿಡ್ಡು ಮುಚ್ಚುತ್ತದೆ, ವಾಸನೆಯನ್ನು ಮಂಜುಗಡ್ಡೆಯ ತಣ್ಪು ಮುಚ್ಚುತ್ತದೆ, ಉಳಿದದ್ದನ್ನು ಕಾಫಿ ಅಥವಾ ಚಾಕಲೇಟು. ಮುಚ್ಚಿದ್ದು ರುಚಿ ಮಾತ್ರ, ಒಳಗಿನ ಮದ್ಯ ಅಷ್ಟೇ ಇರುತ್ತದೆ. ಲೆಕ್ಕ ಹಾಕಿ. ನಮ್ಮ ದೇಶದ ವಿಸ್ಕಿ, ರಮ್ಮು, ವೋಡ್ಕಾಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೊಹಾಲು. 60 ಮಿಲಿಯ ಒಂದು ಲಾರ್ಜ್ ಪೆಗ್ಗಿನಲ್ಲಿ ಸುಮಾರು 26 ಮಿಲಿ. ಈ ಸಿಹಿ ಗ್ಲಾಸಿಗೆ 30 ಮಿಲಿ ವೋಡ್ಕಾ, ನೂರಕ್ಕೆ 20ರಷ್ಟು ಆಲ್ಕೊಹಾಲಿರುವ ಕಾಫಿ ಲಿಕ್ಯೂರು 30 ಮಿಲಿ ಹಾಕಿದರೆ ಸುಮಾರು 19 ಮಿಲಿ ಆಯಿತು. "ಚೆನ್ನಾಗಿದೆ, ಇನ್ನೊಂದು ಕೊಡಿ" ಎಂದು ಎರಡು ಕುಡಿದವರು ಹೆಚ್ಚುಕಡಿಮೆ ಒಂದೂವರೆ ಲಾರ್ಜ್ ಪೆಗ್ ಕುಡಿದ ಹಾಗೆ. ಜೀವಮಾನದಲ್ಲಿ ಮದ್ಯ ಮುಟ್ಟದವರ ದೇಹಕ್ಕೆ ಅದು ಏನೇನೂ ಸಣ್ಣದಲ್ಲ. ವಿಸ್ಕಿಯಾಗಿದ್ದರೆ ಮೊದಲ ಗುಟುಕಿಗೇ ಮುಖ ಕಿವುಚಿ ಕೆಳಗಿಡುತ್ತಿದ್ದರು. ನಾಲಗೆ ಎಚ್ಚರಿಸುತ್ತಿತ್ತು. ಇಲ್ಲಿ ಆ ಎಚ್ಚರಿಕೆಯನ್ನೇ ತೆಗೆದು ಹಾಕಿದ್ದೇವೆ. ಕುಡಿಯದವರಿಗೆಂದೇ ಮಾಡಿದ ಮದ್ಯ ಇದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ನಾಲಗೆ ಹೇಳಬೇಕಾದದ್ದನ್ನು ಹೇಳದಂತೆ ಮಾಡಿದ ಮೇಲೆ ಆ ಕೆಲಸ ಬಾಯಿಯದಾಗುತ್ತದೆ, ಮಾಡಿಕೊಟ್ಟವರ ಬಾಯಿಯದು. ನನ್ನ ವಾದದ ಬುಡ ಇಷ್ಟೇ.

ಇದಕ್ಕೆ ಎದುರಾಗಿ ಸಾಮಾನ್ಯವಾಗಿ ಬರುವ ಮಾತು "ಗೊತ್ತಿಲ್ಲದೆ ಕುಡಿದರೆ ದೋಷವಿಲ್ಲ" ಎಂಬುದು. ಹಿರಿಯರೊಬ್ಬರು ಒಮ್ಮೆ ನನಗೆ ಇದನ್ನು ಗಂಭೀರವಾಗಿಯೇ ಹೇಳಿದರು. "ನೋಡಪ್ಪಾ, ಹೇಳಿದ್ರೆ ಅವರಿಗೆ ಸಂಕಟ. ಹೇಳದೇ ಇದ್ರೆ ಅವರಿಗೂ ಖುಷಿ, ನಮಗೂ ಖುಷಿ. ಪಾಪ ಯಾರಿಗೆ ಬಂತು?" ಮಾತು ಚತುರವಾಗಿದೆ. ನಮ್ಮ ಧರ್ಮಶಾಸ್ತ್ರಗಳೂ ಅರಿತು ಮಾಡಿದ್ದಕ್ಕೆ ಒಂದು ಪ್ರಾಯಶ್ಚಿತ್ತ, ಅರಿಯದೆ ಮಾಡಿದ್ದಕ್ಕೆ ಅದಕ್ಕಿಂತ ಹಗುರವಾದದ್ದು ಎಂದು ಭೇದ ಮಾಡುತ್ತವೆ. ಆದರೆ ಆ ಭೇದ ಇರುವುದು ಕುಡಿದವನ ಲೆಕ್ಕಕ್ಕೆ. ಕುಡಿಸಿದವನು ಅರಿತೇ ಕೊಟ್ಟಿದ್ದಾನಲ್ಲ? ಅತಿಥಿಯ ಅರಿವಿಲ್ಲದಿರುವಿಕೆಯನ್ನು ತನ್ನ ರಕ್ಷಣೆಗೆ ಬಳಸಿಕೊಳ್ಳುವ ಹಕ್ಕು ಅವನಿಗೆ ಎಲ್ಲಿಂದ ಬಂತು? ಅದನ್ನು ಹುಟ್ಟಿಸಿದವನೇ ಅವನು.

ಮಹಾಭಾರತದ ಆದಿಪರ್ವದಲ್ಲಿ ಬರುವ ಕಚನ ಕಥೆ ಎಲ್ಲರಿಗೂ ಗೊತ್ತು. ಸಂಜೀವಿನಿ ಕಲಿಯಲು ಬಂದ ಕಚನನ್ನು ಅಸುರರು ಎರಡು ಸಲ ಕೊಂದರು, ಶುಕ್ರಾಚಾರ್ಯ ಎರಡು ಸಲವೂ ಬದುಕಿಸಿದ. ಮೂರನೇ ಸಲ ಅವನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಗುರುವಿಗೇ ಕುಡಿಸಿಬಿಟ್ಟರು. ಹೊಟ್ಟೆಯೊಳಗಿಂದ ಶಿಷ್ಯ ಮಾತಾಡಿದಾಗಲೇ ಶುಕ್ರನಿಗೆ ತಾನು ಕುಡಿದದ್ದು ಏನೆಂದು ತಿಳಿದದ್ದು. ಎಲ್ಲ ಮುಗಿದ ಮೇಲೆ ಅವನು ಇನ್ನು ಮುಂದೆ ಬ್ರಾಹ್ಮಣ ಸುರೆ ಕುಡಿದರೆ ಪಾಪ ಎಂದು ಕಟ್ಟು ಮಾಡಿದ. ಈ ಕಥೆಯನ್ನು ನಾವು ಮದ್ಯಪಾನ ನಿಷೇಧದ ಕಥೆ ಎಂದೇ ಓದುತ್ತಾ ಬಂದಿದ್ದೇವೆ. ನನಗೇನೋ ಪ್ರತಿ ಸಲವೂ ಅಲ್ಲಿ ಇನ್ನೊಂದು ಅಪರಾಧ ಕಾಣಿಸುತ್ತದೆ. ಕುಡಿಯುವವನಿಗೆ ಗೊತ್ತಾಗದ ಹಾಗೆ ಲೋಟದಲ್ಲಿ ಬೇರೇನನ್ನೋ ಬೆರೆಸಿ, ನಗುನಗುತ್ತಾ ಕೈಗೆ ಕೊಟ್ಟದ್ದು. ಶುಕ್ರ ಶಪಿಸಿದ್ದು ಸುರೆಯನ್ನು. ಬೆರೆಸಿ ಕೊಟ್ಟ ಕೈಗಳ ಬಗ್ಗೆ ಅಂಥದೇ ಒಂದು ಕಟ್ಟು ಮಾಡಿದ್ದರೆ ನಮಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಡಿಸೆಂಬರ್ 31. ಠಾಣೆಯ ಕಡೆ ನಮ್ಮವರೊಬ್ಬರ ಮನೆ. ಹದಿನೈದಿಪ್ಪತ್ತು ಜನ, ಅರ್ಧ ಕನ್ನಡಿಗರು, ಅರ್ಧ ಅವರ ಆಫೀಸಿನವರು. ಬಿಸಿಬೇಳೆ ಭಾತ್, ಆಲೂ ಬೋಂಡಾ, ಆಮೇಲೆ ಈ ಕಾಫಿ ಬಣ್ಣದ ಗ್ಲಾಸುಗಳು. ಪುಣೆಯಲ್ಲಿ ಕೆಲಸಕ್ಕಿದ್ದ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಬಂದಿದ್ದ. ಕೋಲ್ಡ್ ಕಾಫಿ ಅಂದುಕೊಂಡು ಒಂದು ಗುಟುಕು ಕುಡಿದವನು ನಿಂತುಬಿಟ್ಟ. ಗ್ಲಾಸು ಹಿಡಿದೇ ಅಡಿಗೆಮನೆಗೆ ಹೋಗಿ "ಅಕ್ಕಾರ, ಇದರಾಗ ಏನೈತ್ರಿ?" ಎಂದು ಕೇಳಿದ. ಮನೆಯಾಕೆಗೆ ಕೈತುಂಬಾ ಕೆಲಸ. "ಏನಿಲ್ಲ ಕಣಪ್ಪಾ, ಸ್ವಲ್ಪ ಫ್ಲೇವರ್ ಅಷ್ಟೆ, ಕುಡಿ" ಅಂದರು. ಅವನು ಗ್ಲಾಸನ್ನು ಸಿಂಕಿನ ಪಕ್ಕ ಇಟ್ಟು, ಹನ್ನೆರಡು ಗಂಟೆಗೆ ಇನ್ನೂ ಬಹಳ ಹೊತ್ತಿರುವಾಗಲೇ ಹೊರಟುಹೋದ. ಅವನು ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು, ಬಿಡುವುದಕ್ಕೆ ಬಹಳ ಕಷ್ಟಪಟ್ಟಿದ್ದ ಎಂದು ಆಮೇಲೆ ಗೊತ್ತಾಯಿತು. ಮರುದಿನ ಆಕೆ ಫೋನು ಮಾಡಿ ಬೇಜಾರು ಮಾಡಿಕೊಂಡರಂತೆ. ಅವನು ಹೇಳಿದ್ದನ್ನು ಅವರೇ ನನಗೆ ಹೇಳಿದರು: "ಕೊಟ್ಟಿದ್ದಕ್ಕ ಏನೂ ಇಲ್ರೀ ಅಕ್ಕಾರ, ನಿಮಗೇನ ಗೊತ್ತಿತ್ತು? ಆದ್ರ ನಾ ಬಂದು ಕೇಳಿದ್ನಲ್ರೀ. ಕೇಳಿದಾಗ ಏನಿಲ್ಲ ಅಂದ್ರಿ."

ಈ 'ಏನಿಲ್ಲ'ದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆಕೆ ಕೆಟ್ಟವರಲ್ಲ, ಸುಳ್ಳುಗಾರ್ತಿಯೂ ಅಲ್ಲ. ಕನ್ನಡದಲ್ಲಿ 'ಏನಿಲ್ಲ' ಎಂಬುದು ಉಪಚಾರದ ಮಾತು. ನಾವು ಬಲವಂತ ಮಾಡಿ ಬಡಿಸುವ ಜನ. ಅತಿಥಿ ಹೋಳಿಗೆ ಬೇಡ ಎಂದರೆ ಅದನ್ನು ಬೇಡ ಎಂದು ತಿಳಿಯಬಾರದು, ಸಂಕೋಚ ಎಂದು ತಿಳಿಯಬೇಕು. ಎರಡನೇ ಸಲ ಬೇಡ ಎಂದರೂ ಎಲೆಗೆ ಕೈ ಅಡ್ಡ ಹಿಡಿದಾಗ ಬೆರಳ ಸಂದಿಯಲ್ಲೇ ತುಪ್ಪ ಸುರಿಯಬೇಕು. "ಏನಾಗಲ್ಲ, ಹಾಕಿಸ್ಕೊಳ್ಳಿ, ಇದೊಂದು ಏನು ಭಾರ?" ಮದುವೆ ಮನೆಗಳಲ್ಲಿ ಈ ಆಟವನ್ನು ನೋಡಿಯೇ ಬೆಳೆದವರು ನಾವು. ಅದು ಚೆಂದದ ಆಟವೇ. ಬೇಡ ಎನ್ನುವವನಿಗೂ ಗೊತ್ತು, ಬಡಿಸುವವಳಿಗೂ ಗೊತ್ತು, ಇಬ್ಬರೂ ಒಪ್ಪಿ ಆಡುವುದು. ಹೆಚ್ಚೆಂದರೆ ಹೊಟ್ಟೆ ಭಾರವಾಗಿ ಮಧ್ಯಾಹ್ನ ಮಲಗಬೇಕಾದೀತು. ಅದೇ ಬಾಯಿಪಾಠವನ್ನು ಮದ್ಯದ ಗ್ಲಾಸಿಗೆ ತಂದಾಗ ತೊಡಕಾಗುತ್ತದೆ. ಇಲ್ಲಿ ಬೇಡ ಎಂಬುದರ ಹಿಂದೆ ಸಂಕೋಚ ಇರಬಹುದು, ಹನ್ನೊಂದು ತಿಂಗಳ ಹೋರಾಟವೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಹೋಳಿಗೆಯ ವಿಷಯದಲ್ಲಿ ಮೂರನೇ 'ಬೇಡ'ಕ್ಕೆ ನಿಲ್ಲುವ ನಾವು ಈ ವಿಷಯದಲ್ಲಿ ಮೊದಲ 'ಬೇಡ'ಕ್ಕೇ ನಿಲ್ಲಬೇಕು. "ಯಾಕೆ ಬೇಡ?" ಎಂದು ಕೂಡ ಕೇಳಬಾರದು. ಕೇಳಿದರೆ ಅವನು ಇಪ್ಪತ್ತು ಜನರ ಎದುರು ತನ್ನ ಕಥೆ ಹೇಳಬೇಕಾಗುತ್ತದೆ, ಇಲ್ಲವೇ ಸುಳ್ಳು ಹೇಳಬೇಕಾಗುತ್ತದೆ. ಅತಿಥಿಯನ್ನು ಆ ಸ್ಥಿತಿಗೆ ತಳ್ಳುವುದು ಯಾವ ಸತ್ಕಾರ?

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಅದನ್ನು ತೆಗೆದುಕೊಳ್ಳುತ್ತಿರುವವರ ಹೊಟ್ಟೆಗೆ ಸ್ವಲ್ಪ ಮದ್ಯ ಹೋದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಕೆಮ್ಮಿನ ಸಿರಪ್ಪಿನಲ್ಲಿರುವ ಮದ್ಯದ ಬಗ್ಗೆಯೂ ಎಚ್ಚರವಿರಲಿ ಎಂದು ವೈದ್ಯರು ಅವರಿಗೆ ಹೇಳಿರುತ್ತಾರೆ. ಬಸುರಿ ಹೆಂಗಸು ಇರಬಹುದು, ಇನ್ನೂ ಯಾರಿಗೂ ಹೇಳಿರದ ಮೊದಲ ತಿಂಗಳುಗಳು. ರಾತ್ರಿ ಕಾರು ಓಡಿಸಿಕೊಂಡು ಹೋಗಬೇಕಾದವರಂತೂ ಇದ್ದೇ ಇರುತ್ತಾರೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಕೊಹಾಲಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ, ಆ ರಾತ್ರಿ ಮುಂಬಯಿಯಲ್ಲಿ ನಾಕಾಬಂದಿಯೂ ಇರುತ್ತದೆ. ತಾನು ಕುಡಿದಿಲ್ಲ ಎಂದೇ ನಂಬಿರುವವನು ಹೆದರದೆ ಸ್ಟಿಯರಿಂಗು ಹಿಡಿಯುತ್ತಾನೆ.

ಆದರೆ ಅಪಾಯದ ಪಟ್ಟಿ ಕೊಟ್ಟು ವಾದ ಗೆಲ್ಲುವುದು ಸುಲಭ. ಏನೂ ಅಪಾಯವಾಗದ ಸಂದರ್ಭವೇ ಕಷ್ಟದ್ದು. ಮಲೆನಾಡಿನ ಕಡೆಯಿಂದ ಮಗನ ಮನೆಗೆ ಬಂದ ಒಬ್ಬ ಮುದುಕಿ. ಡಿಸೆಂಬರಿನಲ್ಲಿ ಯಾರೋ ತಂದ ಕ್ರಿಸ್‌ಮಸ್ ಪುಡ್ಡಿಂಗನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಅದರ ಮೇಲೆ ಸುರಿದ ಸಾಸಿನಲ್ಲಿ ಬ್ರಾಂದಿ ಇತ್ತು. ಯಾರೂ ಹೇಳಲಿಲ್ಲ. ಅಜ್ಜಿ ಊರಿಗೆ ಹೋಗಿ ಮುಂಬಯಿಯ ಪಾಯಸವನ್ನು ಹೊಗಳಿದರು. ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ಮೈಗೂ ಏನೂ ಆಗಲಿಲ್ಲ. ಪ್ರತಿ ವರ್ಷ ಆ ಮನೆಯಲ್ಲಿ ಈ ಕಥೆ ಹೇಳಿ ಎಲ್ಲರೂ ನಗುತ್ತಾರೆ. ಇಲ್ಲಿ ಯಾರಿಗೆ ಏನು ನಷ್ಟವಾಯಿತು?

ಆ ನಗೆಯನ್ನೇ ನೋಡಿದರೆ ಗೊತ್ತಾಗುತ್ತದೆ ಅನಿಸುತ್ತದೆ ನನಗೆ. ಅಜ್ಜಿ ಎಪ್ಪತ್ತು ವರ್ಷ ಒಂದು ನೇಮವನ್ನು ಇಟ್ಟುಕೊಂಡು ಬಂದವರು. ಆ ನೇಮ ಸರಿಯೋ ತಪ್ಪೋ, ಅವರದು. ಅದನ್ನು ಬಿಡುವುದಾದರೆ ಬಿಡಬೇಕಾದವರು ಅವರು. "ಹೋಗ್ಲಿ ಬಿಡು, ಒಂದು ಚಮಚ ತಾನೇ, ಹಾಕು" ಎಂದು ಅವರೇ ನಕ್ಕು ಹೇಳುವ ಸಾಧ್ಯತೆಯೂ ಇತ್ತು. ಎಷ್ಟೋ ಅಜ್ಜಿಯರು ನಾವು ತಿಳಿದದ್ದಕ್ಕಿಂತ ಗಟ್ಟಿಗರು. ಆ ಅವಕಾಶವನ್ನು ಕೊಡದೆ ಅವರ ಪರವಾಗಿ ನಾವೇ ತೀರ್ಮಾನ ಮಾಡಿದೆವು. ಆಮೇಲೆ ಅವರ ಬಗ್ಗೆ ಅವರಿಗೇ ಗೊತ್ತಿಲ್ಲದ ಒಂದು ಸಂಗತಿಯನ್ನು ಇಟ್ಟುಕೊಂಡು ನಗುತ್ತಿದ್ದೇವೆ. ಮೈಗೆ ನೋವಾಗದೆಯೂ ಒಬ್ಬರನ್ನು ಚಿಕ್ಕವರನ್ನಾಗಿ ಮಾಡಬಹುದು. ಅದರಲ್ಲೂ ಊರು ಬಿಟ್ಟು ಬಂದವರು, ಭಾಷೆ ಬಾರದ ಊರಿನಲ್ಲಿ, ಹೊರಗೆ ಏನೂ ತಿನ್ನಲು ಹೆದರಿ, ನಮ್ಮ ಕೈಯಿಂದ ಬಂದದ್ದನ್ನು ಮಾತ್ರ ಕಣ್ಣು ಮುಚ್ಚಿ ತಿನ್ನುತ್ತಾರೆ. ಕಣ್ಣು ಮುಚ್ಚಿದ್ದಾರೆ ಎಂಬುದು ನಮಗೆ ಸಿಕ್ಕಿದ ಸಲೀಸು ಆಗಬಾರದು.

ವಿಚಿತ್ರವೆಂದರೆ, ಹೇಳಿ ಕೊಡುವ ಸಂಸ್ಕೃತಿಯನ್ನು ಈ ನಗರವೇ ನಮಗೆ ಕಲಿಸಿದೆ. ಮುಂಬಯಿಯ ಯಾವ ಪಾವ್‌ಭಾಜಿ ಗಾಡಿಗೆ ಹೋದರೂ 'ಜೈನ್' ಎಂದು ಬೇರೆ ಬಗೆ ಇರುತ್ತದೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಪಕ್ಕದ ಮನೆಯ ಜೈನ ಹೆಂಗಸಿಗೆ ಕೋಸಂಬರಿ ಕಳಿಸುವಾಗಲೂ "ಇದರಲ್ಲಿ ಕ್ಯಾರೆಟ್ ಹಾಕಿದೀನಿ, ನಿಮಗೆ ಆಗಲ್ಲ, ಇನ್ನೊಂದು ಬೌಲು ಬೇರೆ ಇದೆ" ಎಂದು ಹೇಳುತ್ತೇವೆ. ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಬಂತು. ಅದನ್ನು ತಿರುಗಿಸಿ ನೋಡದೆ ಬಿಸ್ಕತ್ತು ಕೊಳ್ಳದವರಿದ್ದಾರೆ. ಕ್ಯಾರೆಟ್ಟಿಗೆ ಸಲ್ಲುವ ಮರ್ಯಾದೆ ರಮ್ಮಿಗೆ ಯಾಕಿಲ್ಲ? ನಮ್ಮ ಕಟ್ಟಡದಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಮಹಿಳೆಯೊಬ್ಬರಿದ್ದಾರೆ. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಟ್ಟೆ ತರುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಒಂದು ಕಡೆ, ಕೇಕು ಬೇರೆಯೇ ಪೊಟ್ಟಣದಲ್ಲಿ. ಬಾಗಿಲಲ್ಲೇ ಹೇಳಿಬಿಡುತ್ತಾರೆ: "ಈ ಕೇಕಿನಲ್ಲಿ ಮೊಟ್ಟೆ ಉಂಟು, ರಮ್ ಸಹ ಉಂಟು ಆಯ್ತಾ. ಹಣ್ಣು ರಮ್ಮಲ್ಲೇ ನೆನೆ ಹಾಕಿದ್ದು. ನಿಮಗೆ ಬೇಡಾದ್ರೆ ಹೇಳಿ, ಬೇಸರ ಇಲ್ಲ." ಆ 'ಬೇಸರ ಇಲ್ಲ' ಎಂಬುದನ್ನು ಅವರು ಹೇಳುವ ರೀತಿಯಲ್ಲಿ ಬೇಡ ಎನ್ನುವುದು ಎಷ್ಟು ಸುಲಭವಾಗುತ್ತದೆಂದರೆ, ಬೇಡ ಎನ್ನಬೇಕೆಂದಿದ್ದವರೂ ಒಂದು ತುಂಡು ತೆಗೆದುಕೊಳ್ಳುತ್ತಾರೆ.

"ಬೇಯಿಸಿದರೆ ಹೋಗುತ್ತಲ್ಲ?" ಎಂದು ಕೇಳುವವರಿದ್ದಾರೆ. ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಹಿಟ್ಟಿನಲ್ಲಿ ಕಲಸಿ ಒಂದು ಗಂಟೆ ಬೇಯಿಸಿದ ಮೇಲೂ ಕಾಲುಭಾಗ ಉಳಿದಿರುತ್ತದೆ. ಎರಡೂವರೆ ಗಂಟೆ ಬೇಯಿಸಿದರೂ ನೂರಕ್ಕೆ ಐದು ಪಾಲು. ಕೇಕು ಬೆಂದ ಮೇಲೆ ಮತ್ತೆ ರಮ್ಮು ಚಿಮುಕಿಸುವವರ ಲೆಕ್ಕ ಬೇರೆಯೇ.

ಇಲ್ಲಿ ಯಾರಾದರೂ ನನ್ನನ್ನು ಮೂಲೆಗೆ ಒತ್ತಬಹುದು. "ಹಾಗಾದರೆ ಎಲ್ಲವನ್ನೂ ಹೇಳ್ತಾ ಕೂರಬೇಕಾ? ಬಾಣಂತಿಗೆ ದಶಮೂಲಾರಿಷ್ಟ ಕೊಡ್ತೀರಲ್ಲ, ಅದರಲ್ಲಿಲ್ವಾ?" ಇದೆ. ಅರಿಷ್ಟ, ಆಸವ ಎಲ್ಲದರಲ್ಲೂ ಹುಳಿ ಬಂದಾಗ ತಾನಾಗಿ ಹುಟ್ಟಿದ ಆಲ್ಕೊಹಾಲು ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ವೆನಿಲ್ಲಾದ ಅಸಲಿ ಸಾರವನ್ನು ತೆಗೆಯುವುದೇ ಆಲ್ಕೊಹಾಲಿನಲ್ಲಿ. ಹೋಮಿಯೋಪಥಿಯ ಮದರ್ ಟಿಂಕ್ಚರೂ ಹಾಗೆಯೇ. ಮಡಿವಂತಿಕೆಯ ಲೆಕ್ಕ ಹಿಡಿದರೆ ಯಾರೂ ಪಾರಾಗುವುದಿಲ್ಲ. ಆದರೆ ನಾನು ಮಡಿಯ ಲೆಕ್ಕ ಹಿಡಿಯುತ್ತಿಲ್ಲ. ನನ್ನ ಅಳತೆ ಒರಟು, ಆದರೆ ಕೆಲಸಕ್ಕೆ ಸಾಕು: ಈ ಅತಿಥಿಗೆ ಇದು ಗೊತ್ತಾಗಿದ್ದರೆ ಬೇಡ ಎನ್ನುತ್ತಿದ್ದರು ಎಂದು ನನ್ನ ಮನಸ್ಸಿಗೆ ಹೊಳೆಯುತ್ತಿದೆಯೆ? ಹೊಳೆದರೆ ಹೇಳಬೇಕು. 'ಹೇಳಿದ್ರೆ ಕುಡಿಯಲ್ಲ, ಅದಕ್ಕೇ ಹೇಳಲಿಲ್ಲ' ಎನ್ನುವವರು ಉತ್ತರವನ್ನು ತಾವೇ ಹೇಳಿಬಿಟ್ಟಿರುತ್ತಾರೆ. ಐಸ್‌ಕ್ರೀಮಿನ ವೆನಿಲ್ಲಾ ಹನಿಯ ಬಗ್ಗೆ ಯಾರಿಗೂ ಹಾಗೆ ಹೊಳೆಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ, ಮನೆಗೆ ಮದ್ಯ ತರಲೇಬಾರದು ಎಂಬ ಪಕ್ಷಕ್ಕೆ ನನ್ನನ್ನು ಸೇರಿಸಬೇಡಿ. ತಾನು ಕುಡಿಯದವನು ಅತಿಥಿಗೆ ಕೊಡಬಹುದೆ ಎಂಬ ಚರ್ಚೆ ಕನ್ನಡಿಗರ ಮನೆಗಳಲ್ಲಿ ಎಷ್ಟು ಸಲ ನಡೆದಿದೆಯೋ. ಕೊಡಬಹುದು, ಕೊಡದೆಯೂ ಇರಬಹುದು. "ನಮ್ಮನೇಲಿ ಇಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ" ಎಂದು ಮೊದಲೇ ಹೇಳುವ ಮನೆಯೂ ಮರ್ಯಾದಸ್ಥ ಮನೆಯೇ. (ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ಕುಡಿಯಲು ಪರ್ಮಿಟ್ಟು ಬೇಕು ಎಂಬುದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಿಜ.) ನಾನು ಒಪ್ಪದಿರುವುದು ನಡುವಿನ ದಾರಿಯನ್ನು: ಗಂಡಸರು ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಕುಡಿಯುವುದು, ಹೆಂಗಸರು ಹಾಲಿನಲ್ಲಿ ಟೀವಿ ನೋಡುತ್ತಾ ಏನೂ ಗೊತ್ತಿಲ್ಲದವರ ಹಾಗೆ ಇರುವುದು. ಈ ಸಿಹಿ ಗ್ಲಾಸಿನ ಪರವಾಗಿ ಒಂದು ಒಳ್ಳೆಯ ಮಾತು ಹೇಳಲೇಬೇಕೆಂದರೆ ಅದು ಇಲ್ಲಿದೆ. ಮುಚ್ಚಿದ ಬಾಗಿಲನ್ನು ಅದು ತೆರೆಯಿತು. ಹೆಂಗಸರೂ ಗಂಡಸರೂ ಒಂದೇ ಕೋಣೆಯಲ್ಲಿ ಕೂತು, ಮಾತು ಒಂದೇ ಕಡೆ ನಡೆಯುವ ಹಾಗಾಯಿತು. ಗೆಳತಿಯೊಬ್ಬಳು ನನಗೆ ಇದನ್ನು ಸ್ವಲ್ಪ ಖಾರವಾಗಿಯೇ ಹೇಳಿದಳು: "ನಿಮ್ಮ ನೀತಿಯೆಲ್ಲ ಸರಿ. ಆದ್ರೆ ಇಪ್ಪತ್ತು ವರ್ಷ ಶೇಂಗಾ ಹುರಿದು ಒಳಗೆ ಕಳಿಸಿದೋಳು ನಾನು. ಈಗ ನನ್ನ ಕೈಗೂ ಒಂದು ಗ್ಲಾಸು ಬಂದಿದೆ. ಅದರ ಹೆಸರು ಏನಾದ್ರೂ ಇರಲಿ." ಅವಳ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದೇ ಒಂದು ಗೊಣಗಾಟವಿದೆ. ಅವಳಿಗೆ ಬೇಕಾದ್ದು ರಮ್ಮಾದರೆ ಅದನ್ನು ರಮ್ಮೆಂದೇ ಕೇಳುವ ಧೈರ್ಯವನ್ನು ನಮ್ಮ ಮನೆಗಳು ಕೊಡಬೇಕು. 'ಲೇಡೀಸ್ ಡ್ರಿಂಕ್' ಎಂದು ಕೆನೆ ಹಾಕಿ ಮುಚ್ಚಿ ಕೊಡುವುದರಲ್ಲಿ ಆಕೆ ದೊಡ್ಡವಳು, ತನಗೆ ಬೇಕಾದ್ದು ಗೊತ್ತಿರುವವಳು ಎಂಬುದನ್ನು ಇನ್ನೂ ಒಪ್ಪಿಕೊಂಡ ಹಾಗಿಲ್ಲ. ಇದನ್ನು ಹೇಳಿದಾಗ ಅವಳು ನಕ್ಕು, "ಮೊದಲು ಕೆನೆ ತಗೊಳ್ತೀನಿ, ಆಮೇಲೆ ಧೈರ್ಯ" ಅಂದಳು.

ಉತ್ತರದವರಿಗೆ ಇದರಲ್ಲಿ ನಮಗಿಂತ ಹೆಚ್ಚು ಅನುಭವವಿದೆ. ದೆಹಲಿಯಲ್ಲಿ ಹೋಳಿಗೆ ಠಂಡಾಯಿ ಮಾಡುತ್ತಾರೆ. ಬಾದಾಮಿ, ಸೋಂಪು, ಗಸಗಸೆ, ಕಾಳುಮೆಣಸು, ಗುಲಾಬಿ ಎಸಳು ಅರೆದ ತಣ್ಣನೆ ಹಾಲು. ಕೆಲವು ಮನೆಗಳಲ್ಲಿ ಅದಕ್ಕೆ ಭಂಗಿಯ ಅರೆಪು ಬೀಳುತ್ತದೆ. 1985ರ ಮಾದಕವಸ್ತು ಕಾಯ್ದೆ ಗಾಂಜಾ ಗಿಡದ ಹೂತೆನೆಯನ್ನೂ ಅಂಟನ್ನೂ ಹಿಡಿಯುತ್ತದೆ, ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಬಿಟ್ಟಿದೆ. ಹೊಟ್ಟೆಗೆ ಹೋದ ಭಂಗಿ ತಲೆಗೇರಲು ಒಂದೆರಡು ಗಂಟೆ ಬೇಕು. ಏನೂ ಆಗಲಿಲ್ಲವಲ್ಲ ಎಂದು ಎರಡನೇ ಲೋಟ ಕುಡಿದವರ ಕಥೆಗಳು ಅಲ್ಲಿ ಬೇಕಾದಷ್ಟು. ಗೊತ್ತಿಲ್ಲದ ದಕ್ಷಿಣದವರಿಗೆ ಕುಡಿಸಿ ಮಜಾ ನೋಡುವುದು ಅಲ್ಲಿಯ ಒಂದು ಹಳೇ ಚೇಷ್ಟೆ. ಆದರೆ ಸರಿಯಾದ ಮನೆಗಳಲ್ಲಿ ಎರಡು ಪಾತ್ರೆ ಇಟ್ಟಿರುತ್ತಾರೆ, ಇದು ಭಂಗಿಯದು, ಇದು ಸಾದಾ ಎಂದು ಕೂಗಿಯೇ ಹೇಳುತ್ತಾರೆ, ಸೌಟುಗಳನ್ನೂ ಬೆರೆಸುವುದಿಲ್ಲ. ಕೇಳುವವರೂ ಹಿಂಜರಿಯುವುದಿಲ್ಲ. "ಇದರಲ್ಲಿ ಇದೆಯೋ ಇಲ್ಲವೋ?" ಎಂಬುದು ಅಲ್ಲಿ ಅನುಮಾನದ ಪ್ರಶ್ನೆಯೇ ಅಲ್ಲ, ಹಬ್ಬದ ಮಾಮೂಲಿ ಮಾತು. ನಮ್ಮಲ್ಲಿ ಕೇಳಿದರೆ ಮನೆಯವರಿಗೆ ಅವಮಾನವಾದೀತೇನೋ ಎಂಬ ಮುಜುಗರ ಇನ್ನೂ ಹೋಗಿಲ್ಲ. ಕೊಜಾಗಿರಿ ಹುಣ್ಣಿಮೆಗೆ ಟೆರೇಸಿನಲ್ಲಿ ಕೊಡುವ ಕೇಸರಿ ಮಸಾಲೆ ಹಾಲೂ, ಡಿಸೆಂಬರಿನ ಈ ಗ್ಲಾಸೂ ಕತ್ತಲಲ್ಲಿ ಒಂದೇ ಥರ ಕಾಣುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಜುಗರ ಕಮ್ಮಿಯಾದೀತು. ಮಕ್ಕಳು ಟ್ರೇಗೆ ಕೈಹಾಕುವುದು ಚಾಕಲೇಟಿನ ತುರಿ ನೋಡಿ, ಅವರಿಗಂತೂ ಯಾವ ಮುಜುಗರವೂ ಇರುವುದಿಲ್ಲ.

ಠಾಣೆಯ ಆ ಮನೆಯಲ್ಲಿ ಈಗ ಬೇರೆ ಏರ್ಪಾಡಿದೆ. ರಮ್ಮು ಹಾಕಿದ ಡಿಕಾಕ್ಷನ್ನು ಕೆನೆಯದು ಗಾಜಿನ ಗ್ಲಾಸಿನಲ್ಲಿ, ಹಾಕದ್ದು ಊರಿಂದ ತಂದ ಸ್ಟೀಲ್ ಲೋಟದಲ್ಲಿ. ರುಚಿ, ಕೆನೆ, ಚಾಕಲೇಟು ಎರಡಕ್ಕೂ ಒಂದೇ. ಗಾಜಿನ ಟ್ರೇ ಮಕ್ಕಳ ಕೈಗೆ ಎಟುಕದ ಕಡೆ. ಬಂದವರಿಗೆ ಬಾಗಿಲಲ್ಲೇ ಒಂದು ಸಲ ಹೇಳುತ್ತಾರೆ: "ಗಾಜಲ್ಲಿ ಇದೆ, ಸ್ಟೀಲಲ್ಲಿ ಇಲ್ಲ." ಅಷ್ಟೇ, ಮತ್ತೆ ಯಾರನ್ನೂ ಏನೂ ಕೇಳುವುದಿಲ್ಲ. ಪುಣೆಯ ಆ ಹುಡುಗ ಎರಡು ವರ್ಷ ಬಿಟ್ಟು ಒಮ್ಮೆ ಬಂದಿದ್ದ. ಸ್ಟೀಲ್ ಲೋಟದಲ್ಲಿ ಮೂರು ಸಲ ಹಾಕಿಸಿಕೊಂಡು ಕುಡಿದ, ಮೂರನೇ ಸಲ ಮಾತ್ರ ಆಕೆ ಬಲವಂತ ಮಾಡಿದ್ದು.